ಆಮದು ಕಾರಿನ ಬೆಲೆ: ಏರಿದ್ದು ಎಷ್ಟು, ಏರಿಸಿದ್ದು ಎಷ್ಟು?

ಹೊರದೇಶದಿಂದ ಬಂದ ಕಾರಿನ ಬೆಲೆ ಕೇಳಿದರೆ ಶೋರೂಂನಲ್ಲಿ ಮೊದಲು ಸಿಗುವ ಉತ್ತರ, ‘ಏನ್ಮಾಡೋದು ಸರ್, ಡಾಲರ್ ಏರಿಬಿಟ್ಟಿದೆ.’ ಅದು ನಿಜವೇ ಇರಬಹುದು. ಆದರೆ ಏರಿದ ಬೆಲೆಯಲ್ಲಿ ಹಣದ ವಿನಿಮಯ ದರದ ಪಾಲು ಎಷ್ಟು ಎಂಬುದನ್ನು ನೀವೇ ಲೆಕ್ಕ ಹಾಕಿ ನೋಡಬಹುದು. ಒಂದು ಹಾಳೆ, ಒಂದು ಪೆನ್ನು ಸಾಕು.

ಮೊದಲು ತಿಳಿಯಬೇಕಾದ್ದು, ಕಾರಿನ ಬಿಲ್ ಯಾವ ಹಣದಲ್ಲಿ ಆಗಿದೆ ಎಂಬುದು. ಕಂಪನಿ ಜಪಾನಿನದು ಎಂದ ಮಾತ್ರಕ್ಕೆ ಬಿಲ್ ಯೆನ್‌ನಲ್ಲೇ ಇರಬೇಕೆಂದಿಲ್ಲ, ಡಾಲರಿನಲ್ಲೂ ಇರಬಹುದು. ಜರ್ಮನ್ ಹೆಸರಿನ ಎಷ್ಟೋ ಕಾರುಗಳು ಅಮೆರಿಕ, ಮೆಕ್ಸಿಕೋ, ದಕ್ಷಿಣ ಆಫ್ರಿಕಾದ ಕಾರ್ಖಾನೆಗಳಲ್ಲಿ ತಯಾರಾಗುತ್ತವೆ. ಡೀಲರ್‌ಗೆ ನೇರವಾಗಿ ಕೇಳಿ: ‘ಇದು ಎಲ್ಲಿ ತಯಾರಾದದ್ದು? ನೀವು ಯಾವ ಕರೆನ್ಸಿಯಲ್ಲಿ ದುಡ್ಡು ಕಟ್ಟುತ್ತೀರಿ?’ ಬಿಲ್ ಯೂರೋದಲ್ಲಿದ್ದರೆ ಡಾಲರ್ ಏರಿದ ಮಾತಿಗೆ ಅಷ್ಟು ಬೆಲೆ ಇಲ್ಲ.

ಈಗ ಲೆಕ್ಕ. ಕಾರಿನ ಬೆಲೆ 30,000 ಯೂರೋ, ಹಡಗಿನ ಬಾಡಿಗೆ ಮತ್ತು ವಿಮೆ 2,000 ಯೂರೋ ಎಂದುಕೊಳ್ಳಿ. ಒಟ್ಟು 32,000. ಒಂದು ಯೂರೋಗೆ ನಿಮ್ಮ ಹಣದಲ್ಲಿ 10 ಇದ್ದರೆ ಬಂದರು ಮುಟ್ಟುವಾಗ ಕಾರಿನ ಮೌಲ್ಯ 3,20,000. ಅದರ ಮೇಲೆ ಶೇ 50 ಕಸ್ಟಮ್ಸ್ ಸುಂಕ ಬಿದ್ದರೆ 4,80,000. ಸುಂಕ ಸೇರಿಸಿದ ಈ ಮೊತ್ತದ ಮೇಲೆ ಶೇ 20 ತೆರಿಗೆ ಹಾಕಿದರೆ 5,76,000.

ದರ 10ರಿಂದ 11ಕ್ಕೆ ಏರಲಿ. ಬಂದರಿನಲ್ಲಿ ಮೌಲ್ಯ 3,52,000, ಅಂದರೆ ಹೆಚ್ಚಿದ್ದು 32,000. ಆದರೆ ಸುಂಕ, ತೆರಿಗೆ ಎಲ್ಲ ಕೂಡಿದ ಮೇಲೆ ಬೆಲೆ 6,33,600. ನಿಮ್ಮ ಜೇಬಿನಿಂದ ಹೋಗುವುದು 57,600 ಜಾಸ್ತಿ. ಯೂರೋ ಏರಿದ್ದಕ್ಕೆ ತೆರಿಗೆ ಇಲಾಖೆಗೆ ಸುಮ್ನೆ 25,600 ಹೆಚ್ಚುವರಿ ಸಿಕ್ಕಿತು, ಅಲ್ವಾ? ಸುಂಕ ಹೆಚ್ಚಿರುವ ದೇಶಗಳಲ್ಲಿ ದರದ ಏರಿಕೆ ಅಷ್ಟು ಚುಚ್ಚುವುದು ಇದಕ್ಕೇ.

ಈ ಲೆಕ್ಕದಿಂದ ಒಂದು ಅಳತೆಗೋಲೂ ಸಿಗುತ್ತದೆ. ದರ ಶೇ 10 ಏರಿದಾಗ ಬೆಲೆಯೂ ಶೇ 10 ಏರಿತು. ಡೀಲರ್ ಸಂಬಳ, ಶೋರೂಂ ಬಾಡಿಗೆ, ದೇಶದೊಳಗಿನ ಸಾಗಣೆ ಇವಕ್ಕೆಲ್ಲ ಯೂರೋ ಜೊತೆ ನೇರ ಸಂಬಂಧ ಇಲ್ಲ. ಅವನ್ನೂ ಸೇರಿಸಿದರೆ ನಿಜವಾದ ಏರಿಕೆ ಶೇ 10ಕ್ಕಿಂತ ಕಡಿಮೆಯೇ ಇರಬೇಕು. ಶೇ 14 ಏರಿಸಿದ್ದರೆ ಉಳಿದದ್ದಕ್ಕೆ ಬೇರೆ ಕಾರಣ ಇದೆ. ಅದೇನು ಎಂದು ಕೇಳುವುದು ನಿಮ್ಮ ಹಕ್ಕು. ಇದಕ್ಕೆ ಒಂದು ಅಪವಾದ: ಕೆಲವು ದೇಶಗಳಲ್ಲಿ ಕಾರಿನ ಮೌಲ್ಯ ಒಂದು ಮಿತಿ ದಾಟಿದರೆ ತೆರಿಗೆಯ ದರವೇ ಬದಲಾಗುತ್ತದೆ. ಹಾಗಾದಾಗ ಬೆಲೆ ಒಮ್ಮೆಲೇ ಮೇಲೆ ಹಾರುತ್ತದೆ.

ಮುಂದಿನ ಪ್ರಶ್ನೆ, ಯಾವ ದಿನದ ದರ? ಇವತ್ತಿನ ದರ ನೋಡಿ ಜಗಳಕ್ಕೆ ಇಳಿಯಬೇಡಿ. ಶೋರೂಂನಲ್ಲಿ ನಿಂತಿರುವ ಕಾರಿಗೆ ಆರ್ಡರ್ ಹೋಗಿ ತಿಂಗಳುಗಳೇ ಕಳೆದಿರುತ್ತವೆ. ಜೊತೆಗೆ ದೊಡ್ಡ ಆಮದುದಾರರು ಬ್ಯಾಂಕಿನ ಜೊತೆ ಮುಂಗಡ ಒಪ್ಪಂದ ಮಾಡಿಕೊಂಡು, ಮುಂದೆ ಬೇಕಾಗುವ ಯೂರೋ ಅಥವಾ ಡಾಲರಿಗೆ ಈಗಲೇ ದರ ಕಟ್ಟಿಹಾಕಿರುತ್ತಾರೆ. ಹಾಗಾಗಿ ಕಳೆದ ಒಂದು ವರ್ಷದ ದರಪಟ್ಟಿ ತೆಗೆದು ನೋಡಿ. ನಿನ್ನೆ ದರ ಏರಿ ಇವತ್ತೇ ಹಳೆಯ ಸ್ಟಾಕಿನ ಬೆಲೆ ಏರಿದ್ದರೆ ಚೌಕಾಸಿಗೆ ಧಾರಾಳ ಜಾಗ ಇದೆ.

ಏರಿಕೆಯನ್ನು ಕಂಪನಿಯೇ ನುಂಗಿಕೊಳ್ಳುವುದೂ ಉಂಟು. 1985ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಐದು ದೇಶಗಳು ಡಾಲರ್ ಇಳಿಸಲು ಒಪ್ಪಿಕೊಂಡವು. ಸುಮಾರು 240 ಯೆನ್ ಇದ್ದ ಡಾಲರ್ 1987ರ ಕೊನೆಗೆ 120ರ ಆಸುಪಾಸಿಗೆ ಬಂತು. ಆ ಲೆಕ್ಕದಲ್ಲಿ ಅಮೆರಿಕದಲ್ಲಿ ಜಪಾನಿ ಕಾರುಗಳ ಬೆಲೆ ಎರಡು ಪಟ್ಟಾಗಬೇಕಿತ್ತು. ಆಗಲಿಲ್ಲ. ಗಿರಾಕಿ ಕೈತಪ್ಪುವ ಭಯಕ್ಕೆ ಕಂಪನಿಗಳು ಲಾಭ ಕಡಿಮೆ ಮಾಡಿಕೊಂಡವು, ಅಮೆರಿಕದಲ್ಲೇ ಕಾರು ತಯಾರಿಸುವುದನ್ನು ಹೆಚ್ಚಿಸಿದವು. ಟೊಯೋಟಾದ ಕೆಂಟಕಿ ಕಾರ್ಖಾನೆ 1988ರಲ್ಲಿ ಶುರುವಾಯಿತು.

ದರ ಇಳಿಯುವಾಗ ಮಾತ್ರ ಕಾರಿನ ಬೆಲೆಗೆ ಇಳಿಯುವ ಅವಸರ ಇರುವುದಿಲ್ಲ. ಇಳಿಸಲೇಬೇಕಾದ ಒತ್ತಡ ಬಂದರೆ ಕಥೆ ಬೇರೆ. 2015ರ ಜನವರಿ 15ರಂದು ಸ್ವಿಟ್ಜರ್ಲೆಂಡಿನ ಕೇಂದ್ರ ಬ್ಯಾಂಕ್, ಒಂದು ಯೂರೋಗೆ ಕನಿಷ್ಠ 1.20 ಫ್ರಾಂಕ್ ಎಂಬ ಮಿತಿಯನ್ನು ಕೈಬಿಟ್ಟಿತು. ಫ್ರಾಂಕ್ ಅದೇ ದಿನ ಜಿಗಿಯಿತು, ಅಂದರೆ ಸ್ವಿಸ್ ಜನರಿಗೆ ಯೂರೋ ಅಗ್ಗವಾಯಿತು. ಗಡಿ ದಾಟಿದರೆ ಅದೇ ಕಾರು ಅಗ್ಗಕ್ಕೆ ಸಿಗುವಂತಾಯಿತು. ಅಲ್ಲಿನ ಆಮದುದಾರರು ಕೆಲವೇ ದಿನಗಳಲ್ಲಿ ರಿಯಾಯಿತಿ ಘೋಷಿಸಿದರು. ಅಂಥ ಪೈಪೋಟಿ ಇಲ್ಲದ ಕಡೆ ಗಿರಾಕಿಯೇ ಬಾಯಿಬಿಟ್ಟು ಕೇಳಬೇಕು.

ಇನ್ನು ಬುಕಿಂಗ್ ಫಾರ್ಮ್. ಇದನ್ನು ಪೂರ್ತಿ ಓದದೆ ಸಹಿ ಹಾಕಲೇಬೇಡಿ. ‘ಡೆಲಿವರಿ ದಿನದ ಬೆಲೆ ಅನ್ವಯ’ ಎಂದಿದ್ದರೆ ಕಾಯುವ ತಿಂಗಳುಗಳ ದರದ ಏರುಪೇರೆಲ್ಲ ನಿಮ್ಮ ತಲೆಗೇ ಬರುತ್ತದೆ. ಬುಕಿಂಗ್ ದಿನದ ಬೆಲೆಯನ್ನೇ ಬರೆಸಿಕೊಳ್ಳಲು ನೋಡಿ. ಒಪ್ಪದಿದ್ದರೆ ಇಂತಿಷ್ಟಕ್ಕಿಂತ ಹೆಚ್ಚು ಏರಿಸಿದರೆ ಮುಂಗಡ ಪೂರ್ತಿ ವಾಪಸ್ ಎಂಬ ಸಾಲನ್ನಾದರೂ ಸೇರಿಸಲು ಕೇಳಿ, ಲಿಖಿತದಲ್ಲಿ.

ಕೊನೆಗೆ, ಬಿಡಿಭಾಗಗಳ ಬೆಲೆಪಟ್ಟಿಯನ್ನೂ ಕೇಳಿ ಪಡೆಯಿರಿ. ಹೆಡ್‌ಲೈಟ್, ಬಂಪರ್, ಬ್ರೇಕ್ ಪ್ಯಾಡ್ ಇವೂ ಅದೇ ಹಡಗಿನ ದಾರಿಯಲ್ಲಿ ಬರುವಂಥವು. ದರ ಏರಿದರೆ ರಿಪೇರಿ ಖರ್ಚು ಏರುತ್ತದೆ, ಅದರ ಹಿಂದೆಯೇ ವಿಮೆಯ ಕಂತೂ ಏರಬಹುದು. ಇಲ್ಲೇ ಜೋಡಿಸಿದ ಕಾರಾದರೂ ಎಂಜಿನ್, ಗೇರ್‌ಬಾಕ್ಸ್ ಹೊರಗಿನಿಂದ ಬರುತ್ತಿದ್ದರೆ ಮೇಲಿನ ಲೆಕ್ಕ ಆ ಭಾಗಗಳಿಗೂ ಅಷ್ಟೇ ಹೊಂದುತ್ತದೆ.