ಸಾಯದೆ ಉಳಿದ ಹುಳ

ಜಗಳೂರು ಕಡೆಯ ಹತ್ತಿ ಬೆಳೆಗಾರರೊಬ್ಬರು ಎರಡು ತಿಂಗಳು ಕ್ಷಯದ ಮಾತ್ರೆ ನುಂಗಿದ್ದರು. ಕೆಮ್ಮು ನಿಂತಿತ್ತು, ಮೈ ತುಂಬಿಕೊಂಡಿತ್ತು. 'ಈಗ ಆರಾಮಿದೀನಿ ಸಾರ್, ಇನ್ನೂ ನಾಲ್ಕು ತಿಂಗ್ಳು ಯಾಕೆ?' ಎಂದರು. ದಾವಣಗೆರೆಯ ನನ್ನ ಕ್ಲಿನಿಕ್ಕಿನಲ್ಲಿ ಇದು ಹೊಸ ಪ್ರಶ್ನೆಯಲ್ಲ. 'ಕೋರ್ಸ್ ಮುಗಿಸಲೇಬೇಕು' ಎಂದು ವರ್ಷಗಟ್ಟಲೆ ಗದರಿಸಿ ಕಳಿಸಿದ್ದೇನೆ. ಅರ್ಧಕ್ಕೆ ಬಿಟ್ಟವರೂ ಇದ್ದಾರೆ.

ಅವತ್ತು ನಾನೇ ಕೇಳಿದೆ: 'ಯಜಮಾನ್ರೇ, ಹತ್ತಿಗೆ ಪ್ರತಿ ಸಲ ಒಂದೇ ಔಷಧಿ ಹೊಡೀತೀರಾ?'

'ಹೊಡೆದ್ರೆ ಹುಳ ಬಗ್ಗಲ್ಲ ಸಾರ್. ಮೊದಲನೇ ವರ್ಷ ಸಾಯ್ತಾವೆ. ಆಮೇಲೆ ಎಷ್ಟು ಹೊಡೆದ್ರೂ ಹಂಗೇ ಇರ್ತಾವೆ.'

ಡಾರ್ವಿನ್ 1859ರಲ್ಲಿ ವಿವರಿಸಿದ ನೈಸರ್ಗಿಕ ಆಯ್ಕೆ ಇದೇ. ಔಷಧಿ ಹುಳಕ್ಕೆ ಏನನ್ನೂ ಕಲಿಸುವುದಿಲ್ಲ. ಹೊಡೆಯುವ ಮೊದಲೇ ಬೇರೆ ಥರ ಇದ್ದ ನಾಲ್ಕಾರು ಉಳಿದು, ಹೊಲ ಅವುಗಳ ಮರಿಗಳದ್ದಾಗುತ್ತದೆ.

ಕ್ಷಯದ ಲೆಕ್ಕವನ್ನು ಚೀಟಿಯ ಹಿಂದೆ ಬರೆದು ತೋರಿಸಿದೆ. ಶ್ವಾಸಕೋಶದಲ್ಲಿ ಕುಳಿ ಬಿದ್ದಿದ್ದರೆ ಅದರಲ್ಲಿ 10 ಕೋಟಿ ಬ್ಯಾಕ್ಟೀರಿಯಾ ಇರಬಹುದು. ಐಸೋನಿಯಾಜಿಡ್ ಎಂಬ ಕ್ಷಯದ ಮಾತ್ರೆಗೆ ಬಗ್ಗದವು ಸುಮಾರು 10 ಲಕ್ಷಕ್ಕೆ ಒಂದು. ಆ ಮಾತ್ರೆಯೊಂದನ್ನೇ ಕೊಟ್ಟರೆ ನೂರು ಉಳಿಯುತ್ತವೆ, ಆ ನೂರರಿಂದಲೇ ರೋಗ ಮತ್ತೆ ಬೆಳೆಯುತ್ತದೆ. ರಿಫಾಂಪಿಸಿನ್ ಎಂಬ ಇನ್ನೊಂದು ಮಾತ್ರೆಗೆ ಬಗ್ಗದವು 10 ಕೋಟಿಗೆ ಒಂದು. ಎರಡಕ್ಕೂ ಬಗ್ಗದ್ದು ಹುಟ್ಟಬೇಕಾದರೆ ಕೋಟಿಯನ್ನು ಕೋಟಿಯಿಂದ ಗುಣಿಸಿದಷ್ಟು ಬ್ಯಾಕ್ಟೀರಿಯಾ ಬೇಕು. ಅಷ್ಟು ಯಾರ ಎದೆಯಲ್ಲೂ ಇರುವುದಿಲ್ಲ. ಬ್ರಿಟನ್ನಿನಲ್ಲಿ ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟು ನೋಡಿದ್ದರ ಫಲಿತಾಂಶ 1948ರಲ್ಲಿ ಪ್ರಕಟವಾಯಿತು. ಮೊದಮೊದಲು ಚೇತರಿಸಿಕೊಂಡ ಹಲವರಲ್ಲಿ ಆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ತಲೆಯೆತ್ತಿದ್ದವು. ಇಂದು ನಾವು ನಾಲ್ಕು ಔಷಧಿಗಳಿಂದ ಶುರು ಮಾಡುವುದಕ್ಕೆ ಅದೇ ಕಾರಣ. ಇನ್ನು ಆರು ತಿಂಗಳ ಅವಧಿ ನಿದ್ದೆಯಲ್ಲಿರುವಂತೆ ಬಿದ್ದಿರುವ ಬ್ಯಾಕ್ಟೀರಿಯಾಗಳಿಗಾಗಿ. ಅವು ನಿಧಾನವಾಗಿಯೇ ಸಾಯುತ್ತವೆ.

ಎಲ್ಲ ಆಂಟಿಬಯೋಟಿಕ್‌ಗೂ ಈ ದೀರ್ಘ ಅವಧಿಯ ಮಾತು ಹೊಂದುವುದಿಲ್ಲ. ಸಾಮಾನ್ಯ ನ್ಯುಮೋನಿಯಾ ಬೇಗ ಇಳಿದರೆ ಐದು ದಿನ ಸಾಕು. ಸುಮ್ಮನೆ ಎಳೆದರೆ ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾದಲ್ಲೂ ಬಗ್ಗದವುಗಳದ್ದೇ ಮೇಲುಗೈಯಾಗುತ್ತದೆ.

ನನ್ನ ಒಂದು ತಪ್ಪು ಇಂದಿಗೂ ಕಾಡುತ್ತದೆ. ಪ್ರಾಕ್ಟೀಸಿನ ಆರಂಭದಲ್ಲಿ, ತಿಂಗಳಿಂದ ಕೆಮ್ಮುತ್ತಿದ್ದ ಹೆಣ್ಣುಮಗಳಿಗೆ ಕಫ ಪರೀಕ್ಷೆ ಮಾಡಿಸದೆ ಲಿವೊಫ್ಲಾಕ್ಸಾಸಿನ್ ಬರೆದೆ. ಅದು ಕ್ಷಯದ ಮೇಲೂ ಕೆಲಸ ಮಾಡುವ ಔಷಧಿ. ಸ್ವಲ್ಪ ಹಗುರಾಯಿತು, ಒಳಗಿದ್ದ ಕ್ಷಯ ಕಾಣದಂತೆ ಅಡಗಿತು. ಗೊತ್ತಾಗುವಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು. ಒಂದೇ ಔಷಧಿ ಹೊಡೆಯುವ ತಪ್ಪನ್ನು ನಾನೇ ಮಾಡಿದ್ದೆ. ಈಗ ಕೆಮ್ಮು ಎರಡು ವಾರ ಕಂಡರೆ ಮೊದಲು ಕಫ, ಆಮೇಲೆ ಮಾತ್ರೆ.

ಬೆಳೆಗಾರರು ಏಳುವ ಮುಂಚೆ ಕೇಳಿದರು: 'ಬೀಟಿ ಬೀಜದ ಜತೆ ಒಂದು ಸಣ್ಣ ಪೊಟ್ಟಣ ಕೊಡ್ತಿದ್ರು ಸಾರ್, ಹೊಲದ ಸುತ್ತ ಹಾಕ್ರಿ ಅಂತ. ಅದೂ ಇದಕ್ಕೇನಾ?'

ಅದೂ ಇದಕ್ಕೇ. ಬೀಟಿ ಹತ್ತಿಗಿಡದಲ್ಲೇ ಹುಳ ಕೊಲ್ಲುವ ವಿಷ ಇರುತ್ತದೆ; ಪೊಟ್ಟಣದಲ್ಲಿದ್ದದ್ದು ಆ ವಿಷವಿಲ್ಲದ ಬೀಜ. ಆ ಗಿಡಗಳಲ್ಲಿ ಬದುಕುಳಿದ ಸಾಧಾರಣ ಹುಳಗಳು ಬಗ್ಗದವುಗಳ ಜತೆ ಕೂಡಿ, ಮರಿಗಳು ಮತ್ತೆ ವಿಷಕ್ಕೆ ಬಗ್ಗಲಿ ಎಂದು. ಬ್ಯಾಕ್ಟೀರಿಯಾ ಒಂದೊಂದೇ ಒಡೆದು ಎರಡಾಗುತ್ತವೆ, ಹುಳಗಳ ಹಾಗೆ ಜೋಡಿ ಕೂಡುವುದಿಲ್ಲ. ಅದಕ್ಕೇ ಇಲ್ಲಿ ಯಾವುದನ್ನೂ ಉಳಿಸುವ ಹಾಗಿಲ್ಲ ಎಂದೆ.

ಅವರು ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಮುಂದಿನ ತಿಂಗಳ ಮಾತ್ರೆ ಕೇಳಿದರು.