ಕೋಲ್ಡ್ ಸ್ಟೋರೇಜ್ ಆಫೀಸಿಗೆ ಮಾಡಿಕೊಟ್ಟ ಮೆನು ಸ್ಕ್ರಿಪ್ಟ್

ವಿಜಯಪುರದ ಒಂದು ಕೋಲ್ಡ್ ಸ್ಟೋರೇಜ್‌ನ ಕಂಪ್ಯೂಟರ್ ಕೆಲಸ ನಾನು ನೋಡಿಕೊಳ್ಳುತ್ತೇನೆ. ತಿಕೋಟಾ ಕಡೆಯ ರೈತರು ಒಣದ್ರಾಕ್ಷಿ ಬಾಕ್ಸ್ ತಂದಿಡುತ್ತಾರೆ. ಯಾರ ಲಾಟ್, ಯಾವ ಚೇಂಬರ್, ಎಷ್ಟು ಉಳಿದಿದೆ, ಎಲ್ಲ ಲಿನಕ್ಸ್ ಮಷೀನಿನ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿದೆ. ಮಹಾರಾಷ್ಟ್ರದ ತಾಸಗಾಂವ್ ಮಾರ್ಕೆಟ್‌ನಲ್ಲಿ ರೇಟ್ ಏರಿತು ಅಂದ್ರೆ ಆಫೀಸಿನಿಂದ ನನಗೆ ಫೋನ್ ಶುರು: "ಸರ, ರೈತರು ಬಂದು ನಿಂತಾರ. ಅವರ ಲಾಟ್‌ದಾಗ ಎಷ್ಟು ಬಾಕ್ಸ್ ಉಳದಾವ, ಸ್ವಲ್ಪ ನೋಡಿ ಹೇಳ್ರಿ." ಕೇಳುವುದು ಅವೇ ನಾಲ್ಕೈದು ಪ್ರಶ್ನೆ. ಇಷ್ಟಕ್ಕೆ ವೆಬ್ ಆ್ಯಪ್ ಯಾಕೆ? ಲಿನಕ್ಸ್ ಕಮಾಂಡುಗಳನ್ನು ನಡೆಸುವ ಬ್ಯಾಶ್‌ನಲ್ಲೇ ಒಂದು ಮೆನು ಬರೆದೆ.

ಸ್ಕ್ರಿಪ್ಟ್‌ಗಿಂತ ಮೊದಲು ಡೇಟಾಬೇಸ್‌ನಲ್ಲಿ ಹೊಸ ಯೂಸರ್ ಮಾಡಿದೆ. ಅದಕ್ಕೆ ಟೇಬಲ್ ಓದುವ ಪರ್ಮಿಷನ್ ಮಾತ್ರ. ಮೆನುವಿನಲ್ಲಿ ಯಾರು ಏನೇ ಒತ್ತಲಿ, ಒಂದು ಸಾಲೂ ಅಳಿಯುವುದಿಲ್ಲ. ಪಾಸ್‌ವರ್ಡನ್ನು ಸ್ಕ್ರಿಪ್ಟ್ ಒಳಗೆ ಬರೆಯಲಿಲ್ಲ. ಹೋಮ್ ಫೋಲ್ಡರಿನ ಡಾಟ್ ಮೈ ಡಾಟ್ ಸಿಎನ್‌ಎಫ್ ಫೈಲಿನಲ್ಲಿ ಇಟ್ಟು, ಫೈಲಿಗೆ 600 ಪರ್ಮಿಷನ್ ಕೊಟ್ಟೆ, ಅಂದರೆ ಆ ಫೈಲಿನ ಯೂಸರ್ ಬಿಟ್ಟು ಬೇರೆ ಯೂಸರ್‌ಗಳು ಅದನ್ನು ಓದಲಾರರು.

ಮೆನುವಿಗೆ ಬ್ಯಾಶ್‌ನದೇ ಸೆಲೆಕ್ಟ್ ಕಮಾಂಡ್ ಇದೆ, ಒಳಗೆ ಒತ್ತಿದ ನಂಬರಿಗೆ ತಕ್ಕ ಕೆಲಸ ಆರಿಸುವ ಒಂದು ಕೇಸ್ ಹಾಕಿದರೆ ಆಯಿತು. ಆದರೆ ಸುಮ್ನೆ ಬಿಟ್ಟರೆ ಅದು ಹ್ಯಾಷ್ ಮತ್ತು ಪ್ರಶ್ನೆ ಚಿಹ್ನೆ ತೋರಿಸಿ ಕೂತುಬಿಡುತ್ತದೆ. ಅದರ ಬದಲು ಕಾಣಲಿ ಎಂದು ಪಿಎಸ್3 ವೇರಿಯೇಬಲ್‌ನಲ್ಲಿ "ನಂಬರ್ ಒತ್ರಿ:" ಎಂದು ಬರೆದೆ. ಇನ್ನೊಂದು ಕಿರಿಕಿರಿ, ಒಂದು ಉತ್ತರ ಕೊಟ್ಟ ಮೇಲೆ ಮೆನು ತಾನಾಗಿ ಮತ್ತೆ ಬರುವುದಿಲ್ಲ. ಖಾಲಿ ಎಂಟರ್ ಒತ್ತಬೇಕು. ಲೂಪಿನ ಕೊನೆಯಲ್ಲಿ, ಒತ್ತಿದ ನಂಬರ್ ಉಳಿಯುವ ರಿಪ್ಲೈ ವೇರಿಯೇಬಲ್ ಖಾಲಿ ಮಾಡಿದರೆ ತಾನೇ ಬರುತ್ತದೆ.

ಲಾಟ್ ನಂಬರ್ ಕೇಳುವ ಜಾಗ ನಾಜೂಕಿನದು. ಟೈಪ್ ಮಾಡಿದ್ದು ಹಾಗೇ ಡೇಟಾಬೇಸಿಗೆ ಕೇಳುವ ಪ್ರಶ್ನೆಯೊಳಗೆ, ಅಂದರೆ ಕ್ವೆರಿಯೊಳಗೆ ಹೋಗುತ್ತದಲ್ವಾ? ಒಂದು ಕೋಟ್ ಗುರುತು ಸೇರಿದರೂ ಕ್ವೆರಿ ಕೆಡುತ್ತದೆ, ಬೇಕೆಂದೇ ಕಿಡಿಗೇಡಿತನ ಮಾಡುವವರಿಗೂ ಅದೇ ದಾರಿ. ಹಾಗಾಗಿ 0ಯಿಂದ 9ರವರೆಗಿನ ಅಂಕಿ ಬಿಟ್ಟು ಬೇರೇನು ಬಂದರೂ ಸ್ಕ್ರಿಪ್ಟ್ ಡೇಟಾಬೇಸ್ ಬಾಗಿಲಿಗೇ ಹೋಗುವುದಿಲ್ಲ. "ಬರೀ ಅಂಕಿ ಹಾಕ್ರಿ" ಎಂದು ಮತ್ತೆ ಕೇಳುತ್ತದೆ.

ಉದ್ದದ ಪಟ್ಟಿಯನ್ನು, ಪುಟ ಪುಟವಾಗಿ ತೋರಿಸುವ ಲೆಸ್ ಕಮಾಂಡಿಗೆ ಪೈಪ್ ಮಾಡಿದರೆ (ಕಳಿಸಿದರೆ) ಟೇಬಲ್ಲಿನ ಗೆರೆಗಳು ಮಾಯ, ಬರೀ ಟ್ಯಾಬ್ ಉಳಿಯುತ್ತದೆ. ಮೈಎಸ್‌ಕ್ಯೂಎಲ್ ಕಮಾಂಡಿಗೆ ಮೈನಸ್ ಟಿ (ಚಿಕ್ಕಕ್ಷರದ್ದು) ಸೇರಿಸಿದರೆ ಗೆರೆ ವಾಪಸ್. ಆ ಟ್ಯಾಬ್ ರೂಪವೂ ದಂಡ ಅಲ್ಲ. ಫೈಲಿಗೆ ಇಳಿಸಿದರೆ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ನೇರ ತೆರೆಯುತ್ತದೆ. ಕನ್ನಡ ಹೆಸರುಗಳು ಮಾತ್ರ ಕಾಡಿದವು. ಒತ್ತಕ್ಷರ ಬಂದಲ್ಲಿ ಟರ್ಮಿನಲ್‌ಗೆ ಅಗಲದ ಲೆಕ್ಕ ತಪ್ಪಿ, ಮುಂದಿನ ಕಾಲಮ್ಮುಗಳೆಲ್ಲ ಸೊಟ್ಟ. ರೈತರ ಹೆಸರನ್ನು ಕೊನೆಯ ಕಾಲಮ್ಮಿಗೆ ತಂದೆ. ಈಗ ಬಲಗಡೆಯ ಗೆರೆ ಒಂದೇ ಸೊಟ್ಟ, ಯಾರಿಗೂ ತೊಂದರೆ ಇಲ್ಲ.

ಬಾಕ್ಸ್ ಹೊರಗೆ ಹೋದ ಎಂಟ್ರಿಯನ್ನೂ ಇದರಲ್ಲೇ ಸೇರಿಸಿ ಎಂದು ಮ್ಯಾನೇಜರ್ ಕೇಳುತ್ತಿದ್ದಾರೆ. ಸೇರಿಸಿಲ್ಲ. ಗೇಟ್ ಪಾಸ್ ನೋಡಿ ಎಂಟ್ರಿ ಹಾಕುವ ಸಾಫ್ಟ್‌ವೇರ್ ಬೇರೆ ಇದೆ. ಇಲ್ಲಿ ಒಂದೇ ಒಂದು ಟೇಬಲ್ ಬರೆಯಲು ಬಿಟ್ಟರೂ ಯಾವ ಸಂಖ್ಯೆ ಎಲ್ಲಿಂದ ಬದಲಾಯಿತು ಎಂದು ಹುಡುಕುವ ಕೆಲಸ ಮತ್ತೆ ನನ್ನ ಫೋನಿಗೇ ಬರುತ್ತದೆ.