ಮನೆ ನೋಡುವುದು ಮಳೆಯಲ್ಲಿ, ಸಾಮಾನು ಸಾಗಿಸುವುದು ಬಿಸಿಲಲ್ಲಿ

ಕೊಡಗಿಗೆ ವರ್ಗವಾಗಿ ಬಂದವರು ಮೊದಲ ಮನೆಯನ್ನು ಅವಸರದಲ್ಲೇ ಹಿಡಿಯುತ್ತಾರೆ. ತಪ್ಪೇನಿಲ್ಲ, ಮಕ್ಕಳ ಶಾಲೆ ಶುರುವಾಗಿರುತ್ತದೆ. ಆದರೆ ಎರಡನೇ ಮನೆಗೆ ಆ ಅವಸರ ಬೇಡ. ನಮ್ಮ ಸಂಘಕ್ಕೆ ಬರುವ ಎಲ್ಲರಿಗೂ ನಾವು ಹೇಳುವುದಿಷ್ಟು: ಮನೆಯನ್ನು ಜುಲೈನಲ್ಲಿ ನೋಡಿ, ಮಳೆ ಬಿಟ್ಟ ಮೇಲೆ ಸೇರಿ. ಹೇಗೂ ಆಷಾಢದಲ್ಲಿ ಯಾರೂ ಮನೆ ಬದಲಾಯಿಸುವುದಿಲ್ಲ ಅಲ್ವಾ, ನೋಡಲು ಅದೇ ಒಳ್ಳೆಯ ಹೊತ್ತು.

ಏಪ್ರಿಲ್‌ನಲ್ಲಿ ಮಡಿಕೇರಿಯ ಯಾವ ಮನೆಯಾದರೂ ಚಂದವೇ. ನಾವು ಬಾಡಿಗೆಗೆ ಹಿಡಿದದ್ದೂ ಹಾಗೇ: ಹೊಸ ಬಣ್ಣ, ಕಿಟಕಿ ತೆಗೆದರೆ ಕಾಫಿ ತೋಟ. ಜೂನ್ ಕೊನೆಗೆ ಬೀರು ಸರಿಸಿದೆವು. ಹಿಂದಿನ ಗೋಡೆ ತುಂಬಾ ಕಪ್ಪು ಬೂಷ್ಟು, ಹಾಸಿಗೆಯ ಅಡಿ ಹಸಿರು, ಮಗಳ ಪುಸ್ತಕದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಎರಡು ಹಾಸಿಗೆ ಎಸೆಯಬೇಕಾಯಿತು. ಹಾಗಾಗಿ ಮಳೆ ಸುರಿಯುವಾಗಲೇ ಹೋಗಿ. ಗೋಡೆಗೆ ಅಂಗೈ ಒತ್ತಿ ನೋಡಿ. ಬಟ್ಟೆ ಒಣಗಿಸಲು, ಹಂಡೆ ಒಲೆ ಇದ್ದರೆ ಸೌದೆ ಇಡಲು, ಜಾಗ ಎಲ್ಲಿದೆ ಅಂತ ಕೇಳಿ.

ಮನೆ ಹಿಂದೆ ಗುಡ್ಡವನ್ನು ನೇರವಾಗಿ ಕಡಿದ ಬರೆ (ಮಣ್ಣಿನ ಗೋಡೆ) ಇದ್ದರೆ ಆ ಮನೆ ಬಿಟ್ಟುಬಿಡಿ, ಬಾಡಿಗೆ ಎಷ್ಟೇ ಕಮ್ಮಿ ಇರಲಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಕುಶಾಲನಗರದಲ್ಲಿ ಮಳೆ ಕಮ್ಮಿ, ನಿಜ. ಆದರೆ 2018, 2019ರಲ್ಲಿ ಕಾವೇರಿ ಉಕ್ಕಿ ಹೊಳೆ ಬದಿಯ ಬಡಾವಣೆಗಳಿಗೆ ನೀರು ನುಗ್ಗಿತ್ತು. ಪಕ್ಕದ ಮನೆಯವರನ್ನೇ ಕೇಳಿ, ನೀರು ಎಲ್ಲಿವರೆಗೆ ಬಂದಿತ್ತು ಅಂತ ಗೋಡೆಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ.

ಈಗ ದುಡ್ಡಿನ ವಿಷಯ. ಹಳೇ ಅಡ್ವಾನ್ಸ್ ವಾಪಸ್ ಬಂದ ಮೇಲೆ ಹೊಸ ಮನೆಗೆ ಕೊಟ್ಟರಾಯಿತು ಅಂತ ನಂಬಿ ಕೂರಬೇಡಿ. ಹೊಸ ಮನೆಯ ಮಾಲೀಕರು ಕೀ ಕೊಡುವ ಮುಂಚೆ ಕೇಳುತ್ತಾರೆ, ಹಳೇ ಮಾಲೀಕರು ಬಣ್ಣದ ಖರ್ಚು ಹಿಡಿದುಕೊಂಡು ಆಮೇಲೆ ಕೊಡುತ್ತಾರೆ. ಬಾಡಿಗೆ 10,000, ಅಡ್ವಾನ್ಸ್ ಐದು ತಿಂಗಳದ್ದು ಅಂದುಕೊಳ್ಳಿ. ಅಲ್ಲಿಗೆ 50,000. ಎರಡೂ ಮನೆಗೆ ಒಂದೊಂದು ತಿಂಗಳ ಬಾಡಿಗೆ ಸೇರಿಸಿದರೆ, ಲಾರಿ ಕರೆಯುವ ಮುಂಚೆಯೇ ಕೈಯಲ್ಲಿ 70,000 ಇರಬೇಕು. ಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ ಅನ್ನುವುದನ್ನು 11 ತಿಂಗಳ ಕರಾರಿನಲ್ಲೇ ಬರೆಸಿ.

ಜಿಲ್ಲೆಗೆ ರೈಲಿಲ್ಲ, ಎಲ್ಲವೂ ರಸ್ತೆಯಲ್ಲೇ ಬರಬೇಕು. ಜೋರು ಮಳೆಯಲ್ಲಿ ಜಿಲ್ಲಾಡಳಿತ ಭಾರಿ ವಾಹನಗಳನ್ನು ತಡೆಯುವುದೂ ಉಂಟು. ಲಾರಿಯವರ ಹತ್ತಿರ ಖಾಲಿ ವಾಪಸ್ ಹೋಗುವ ಬಾಡಿಗೆಯೂ ಸೇರಿದೆಯಾ ಅಂತ ಮೊದಲೇ ಕೇಳಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಸಾಮಾನು ಇಳಿಸಲು ಆಳು ಸಿಗುವುದು ಕಷ್ಟ, ಸಿಕ್ಕರೂ ಕೂಲಿ ಜಾಸ್ತಿ. ಕೊಡವರ ಸುಗ್ಗಿ ಹಬ್ಬ ಹುತ್ತರಿಯ ವಾರದಲ್ಲಂತೂ ಕೇಳಲೇ ಬೇಡಿ. ಅಕ್ಟೋಬರ್ ಕೊನೆ, ಇಲ್ಲವೇ ಏಪ್ರಿಲ್ ಒಳ್ಳೆಯದು.

ಹೊರಡುವ ದಿನ ಮೀಟರ್ ರೀಡಿಂಗ್ ಫೋಟೋ ತೆಗೆದಿಡಿ. ಉಚಿತ ಕರೆಂಟಿನ ಗೃಹಜ್ಯೋತಿಯನ್ನು ಕರೆಂಟ್ ಬಿಲ್ಲಿನಲ್ಲಿರುವ ಹಳೇ ಆರ್‌ಆರ್ ನಂಬರಿನಿಂದ ಬಿಡಿಸಿ ಹೊಸದಕ್ಕೆ ಸೇರಿಸಿಕೊಳ್ಳಿ. ಬಾಡಿಗೆ ಕರಾರು ಅದಕ್ಕೂ ಬೇಕಾಗಬಹುದು, ಎರಡು ಜೆರಾಕ್ಸ್ ಇಟ್ಟುಕೊಂಡೇ ಹೋಗಿ.